ಕಲಕಿದ ಮನಸ್ಸು ತಿಳಿಯಾಗಲು: ದಿನದ ಅಭ್ಯಾಸಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಕಷ್ಟ ಬಂದಾಗ ತಡೆದುಕೊಳ್ಳುವ, ಆಮೇಲೆ ಚೇತರಿಸಿಕೊಳ್ಳುವ ಶಕ್ತಿಯನ್ನು ದಿನನಿತ್ಯದ ಅಭ್ಯಾಸಗಳಿಂದ ಬೆಳೆಸಿಕೊಳ್ಳಬಹುದೇ ಎಂಬ ವಿಷಯಕ್ಕೆ ಬಂದ ಪತ್ರಗಳಲ್ಲಿ ಏಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ. ನಿದ್ದೆಯ ಉತ್ತರ ಉದ್ದವಾಗಿದೆ, ಅರ್ಧ ಹೇಳಿದರೆ ಅದು ಕೆಲಸ ಮಾಡುವುದಿಲ್ಲ. ಕೊನೆಯ ಪತ್ರವನ್ನು ದಯವಿಟ್ಟು ಎಲ್ಲರೂ ಓದಿ.

ಪ್ರಶ್ನೆ: ನನಗೆ 43 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಎರಡು ದಿನ ಅದೇ ತಲೆಯಲ್ಲಿ ಸುತ್ತುತ್ತದೆ. ನನ್ನ ತಂಗಿ ಹಾಗಲ್ಲ, ಸಂಜೆಯೊಳಗೆ ಮರೆತುಬಿಡುತ್ತಾಳೆ. ಇದು ಹುಟ್ಟುಗುಣವೇ? ಈ ವಯಸ್ಸಿನಲ್ಲಿ ಬದಲಾಗುತ್ತದೆಯೇ? (ದಾವಣಗೆರೆ)

ಉತ್ತರ: ಸ್ವಲ್ಪ ಭಾಗ ಹುಟ್ಟುಗುಣ ಹೌದು. ಕೆಲವು ಕೂಸುಗಳು ತೊಟ್ಟಿಲಲ್ಲಿರುವಾಗಲೇ ಬೇಗ ಬೆಚ್ಚುತ್ತವೆ, ಸಮಾಧಾನವಾಗಲು ಹೊತ್ತು ಹಿಡಿಯುತ್ತದೆ. ಆದರೆ ಬದುಕಿನುದ್ದಕ್ಕೂ ಹಾಗೇ ಇರಬೇಕೆಂದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯಲ್ಲಿ ಕುಡಿತ, ಜಗಳಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದಿದ್ದರು. ಅಜ್ಜಿಯೋ, ಮೇಷ್ಟ್ರೋ, ನೆರೆಮನೆಯವರೋ ಒಬ್ಬರಾದರೂ ಅವರ ಬೆನ್ನಿಗಿದ್ದರು. ನಿಮಗೆ ಬೇಕಾದ ಸಂಗತಿ ಇನ್ನೊಂದಿದೆ: ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲಿ ಬಹುಪಾಲು ಜನ ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. 43 ತಡವಲ್ಲ.

ತಂಗಿಯ ಜೊತೆ ಹೋಲಿಸಿಕೊಳ್ಳುವುದನ್ನು ಇವತ್ತೇ ಬಿಡಿ. ನಿಮ್ಮ ಅಳತೆಗೋಲು ನಿಮ್ಮದೇ ‘ಎರಡು ದಿನ’. ಅದು ಒಂದೂವರೆ ದಿನವಾದರೆ ಅದೇ ಪ್ರಗತಿ. ಮಾತು ನಾಟಿದ ಗಳಿಗೆ ಯಾವುದು, ಬೇರೆ ಕೆಲಸದಲ್ಲಿ ಮೈಮರೆತದ್ದು ಯಾವಾಗ ಎಂದು ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ, ಅಷ್ಟೇ.

ಅದೇ ದಿನ ಸಂಜೆ ಹತ್ತು ನಿಮಿಷ ಕೂತು ಮೂರು ವಿಷಯ ಬರೆಯಿರಿ. ಮೊದಲು, ಅವರು ಆಡಿದ ಮಾತನ್ನು ಆಡಿದ ಹಾಗೆಯೇ. ಎರಡನೆಯದು, ಅದಕ್ಕೆ ನಿಮ್ಮ ಮನಸ್ಸು ಸೇರಿಸಿದ್ದು. ಮೂರನೆಯದು, ನಾಳೆ ಮಾಡಬಹುದಾದ ಒಂದು ಕೆಲಸ. ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯರು ‘ಈ ಸಲ ಗಣಿತದ ಫಲಿತಾಂಶ ಕಡಿಮೆ ಬಂತಲ್ಲ ಮೇಡಂ’ ಎಂದರು ಅಂದುಕೊಳ್ಳಿ. ಆಡಿದ್ದು ಅಷ್ಟೇ. ‘ಎಲ್ಲರೆದುರು ಮರ್ಯಾದೆ ತೆಗೆದರು, ನನಗೆ ಪಾಠ ಮಾಡಲು ಬರುವುದಿಲ್ಲ ಅಂತ ಅವರ ಲೆಕ್ಕ’ ಎಂಬುದು ಸೇರಿಸಿದ್ದು. ನಪಾಸಾದ ಮಕ್ಕಳ ಪಟ್ಟಿ ತೆಗೆದು ಯಾವ ಅಧ್ಯಾಯದಲ್ಲಿ ಅಂಕ ಹೋಗಿದೆ ಎಂದು ನೋಡುವುದು ನಾಳೆಯ ಕೆಲಸ. ಎರಡು ದಿನ ತಲೆ ತಿನ್ನುವುದು ಹೆಚ್ಚಾಗಿ ಎರಡನೆಯ ಸಾಲು. ಅದನ್ನು ಕಾಗದದ ಮೇಲೆ ಪ್ರತ್ಯೇಕವಾಗಿ ಕಂಡಾಗ ಅದರ ಬಲ ಕುಗ್ಗುತ್ತದೆ.

ಇದು ಕೆಡುವುದು ಎರಡು ಕಡೆ. ಎರಡನೆಯ ಸಾಲು ಬೆಳೆದು ಎರಡು ಪುಟವಾಗುತ್ತದೆ, ಆದ್ದರಿಂದ ಮೂರು ವಾಕ್ಯಕ್ಕೆ ನಿಲ್ಲಿಸಿ. ಇನ್ನೊಂದು, ಅದೇ ಸಂಗತಿಯನ್ನು ತಂಗಿಗೆ, ಗೆಳತಿಗೆ, ಯಜಮಾನರಿಗೆ, ಮತ್ತೆ ತಂಗಿಗೆ ಹೇಳುವುದು. ಹೇಳಿದಷ್ಟೂ ಗಾಯ ಹಸಿಯಾಗಿಯೇ ಉಳಿಯುತ್ತದೆ. ಒಬ್ಬರಿಗೆ ಒಮ್ಮೆ ಹೇಳಿ, ‘ನೀನಾಗಿದ್ದರೆ ಏನು ಮಾಡ್ತಿದ್ದೆ?’ ಎಂದು ಕೇಳಿ.

ಪ್ರಶ್ನೆ: ಬ್ಯಾಂಕ್ ಉದ್ಯೋಗಿ, 38 ವರ್ಷ. ರಾತ್ರಿ ಮೂರಕ್ಕೆ ಎಚ್ಚರವಾಗಿಬಿಡುತ್ತದೆ. ಮನೆ ಸಾಲ, ಮಗನ ಫೀಸು ಎಲ್ಲ ಆ ಹೊತ್ತಿನಲ್ಲೇ ನೆನಪಾಗುತ್ತವೆ. ನಿದ್ದೆ ಸಾಲದೆಂದು ಒಂಬತ್ತೂವರೆಗೇ ಮಲಗುತ್ತೇನೆ, ಭಾನುವಾರ ಒಂಬತ್ತರವರೆಗೂ ಏಳುವುದಿಲ್ಲ. ದಿನಕ್ಕೆ ನಾಲ್ಕು ಕಾಫಿ, ಕೊನೆಯದು ಸಂಜೆ ಆರಕ್ಕೆ. ಹಗಲಲ್ಲಿ ಸಣ್ಣದಕ್ಕೂ ರೇಗುತ್ತೇನೆ. (ತುಮಕೂರು)

ಉತ್ತರ: ನೀವು ಪರಿಹಾರವೆಂದು ಮಾಡುತ್ತಿರುವ ಎರಡು ಕೆಲಸಗಳೇ, ಬೇಗ ಮಲಗುವುದು ಮತ್ತು ಭಾನುವಾರ ತಡವಾಗಿ ಏಳುವುದು, ತೊಂದರೆಯನ್ನು ಉಳಿಸುತ್ತಿವೆ. ಬೆಳಗ್ಗೆ ಆರಕ್ಕೆ ಏಳುತ್ತೀರಿ ಎಂದುಕೊಂಡರೆ, ಒಂಬತ್ತೂವರೆಯಿಂದ ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದೀರಿ. ಅದರಲ್ಲಿ ನಿದ್ದೆ ಆರು ಗಂಟೆಯಾದರೆ, ಉಳಿದ ಎರಡೂವರೆ ಗಂಟೆ ಹಾಸಿಗೆಯಲ್ಲಿ ಚಿಂತೆ ಮಾಡುವ ತರಬೇತಿ ನಡೆಯುತ್ತಿದೆ.

ಮೂರಕ್ಕೆ ಎಚ್ಚರವಾಗುವುದು ರೋಗವಲ್ಲ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಬರುತ್ತದೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ, ಬೆಳಗಿನ ಕಡೆ ನಿದ್ದೆ ತೆಳುವಾಗುತ್ತದೆ. ಆ ಹೊತ್ತಿನಲ್ಲಿ ಎಲ್ಲರೂ ಒಂದೆರಡು ಸಲ ಎಚ್ಚರಗೊಂಡು ಮಗ್ಗುಲು ಬದಲಿಸುತ್ತಾರೆ. ನಿಮಗೆ ಆ ಎಚ್ಚರಕ್ಕೆ ಸಾಲದ ಲೆಕ್ಕ ಅಂಟಿಕೊಂಡಿದೆ. ಬಿಡಿಸಬೇಕಾದದ್ದು ಆ ಅಂಟನ್ನು.

ಏಳುವ ಸಮಯವನ್ನು ಗಟ್ಟಿ ಮಾಡಿ: ಏಳೂ ದಿನ ಆರು ಗಂಟೆ, ರಾತ್ರಿ ಹೇಗೇ ಕಳೆದಿರಲಿ. ಮಲಗುವ ಸಮಯವನ್ನು ಸದ್ಯಕ್ಕೆ ಹನ್ನೊಂದೂವರೆಗೆ ತಳ್ಳಿ. ಹಾಸಿಗೆಯಲ್ಲಿರುವ ಹೊತ್ತು ಆರೂವರೆ ಗಂಟೆಗೆ ಇಳಿಯಿತು. ಬೆಳಗ್ಗೆ ಎದ್ದಾಗ ಎಷ್ಟು ಗಂಟೆ ನಿದ್ದೆ ಬಂತೆಂದು ಅಂದಾಜಿನಲ್ಲಿ ಬರೆಯುತ್ತ ಹೋಗಿ. ಒಂದು ವಾರದ ಸರಾಸರಿಯಲ್ಲಿ, ಮಲಗಿದ ಹೊತ್ತಿನ ಶೇ. 85ರಷ್ಟು ನಿದ್ದೆಯಾಗಿದ್ದರೆ ಮಲಗುವ ಸಮಯವನ್ನು 15 ನಿಮಿಷ ಹಿಂದಕ್ಕೆ, ಅಂದರೆ ಹನ್ನೊಂದೂಕಾಲಿಗೆ, ತನ್ನಿ. ಹೀಗೆ ವಾರಕ್ಕೊಮ್ಮೆ. ಹಗಲು ಲವಲವಿಕೆಯಿಂದಿರುವ ಹಂತ ತಲುಪಿದಾಗ ನಿಲ್ಲಿಸಿ. ಹೆಚ್ಚಿನ ವಯಸ್ಕರಿಗೆ ಅದು ಏಳು ಗಂಟೆಯ ಆಸುಪಾಸಿನಲ್ಲಿ ಅಥವಾ ಅದಕ್ಕೆ ಸ್ವಲ್ಪ ಮೇಲೆ ಇರುತ್ತದೆ.

ನಡುವೆ ಎಚ್ಚರವಾದರೆ ಗಡಿಯಾರ ನೋಡಬೇಡಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಗೋಡೆ ಗಡಿಯಾರವಿದ್ದರೆ ತೆಗೆಯಿರಿ. ಸುಮಾರು 20 ನಿಮಿಷವಾಯಿತು, ನಿದ್ದೆ ಬರುವ ಲಕ್ಷಣವಿಲ್ಲ ಅನ್ನಿಸಿದಾಗ ಎದ್ದು ಬೇರೆ ಜಾಗದಲ್ಲಿ ಮಂದ ಬೆಳಕಿನಲ್ಲಿ ಕೂರಿ. ಹಳೆಯ ಪತ್ರಿಕೆ ಓದಿ, ಬಟ್ಟೆ ಮಡಚಿ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಮರಳಿ. ಒಂದೇ ಕೋಣೆಯ ಮನೆಯಾದರೆ ಮಂಚದ ಪಕ್ಕ ಒಂದು ಚಾಪೆ ಸಾಕು, ಹಾಸಿಗೆಯಿಂದ ಇಳಿಯುವುದು ಮುಖ್ಯ. ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ಕ್ರಮ ಇದು. ಹಾಸಿಗೆ ಕಂಡರೆ ನಿದ್ದೆ ನೆನಪಾಗಬೇಕು, ಚಿಂತೆಯಲ್ಲ ಎಂಬುದು ಅದರ ತಿರುಳು.

ಇನ್ನು ಸಾಲದ ಯೋಚನೆ. ಅದನ್ನು ಓಡಿಸಲು ಹೋದರೆ ಹೆಚ್ಚುತ್ತದೆ, ಅದಕ್ಕೊಂದು ಸಮಯ ಕೊಡಿ. ಸಂಜೆ ಏಳರಿಂದ ಏಳು ಇಪ್ಪತ್ತರವರೆಗೆ, ಕುರ್ಚಿಯಲ್ಲಿ, ಪೆನ್ನು ಹಿಡಿದು. ಹಾಳೆಯ ಎಡಕ್ಕೆ ಚಿಂತೆ, ಬಲಕ್ಕೆ ಈ ವಾರ ಇಡಬಹುದಾದ ಮೊದಲ ಹೆಜ್ಜೆ. ‘ಜೂನ್‌ನಲ್ಲಿ ಫೀಸು ಹೇಗೆ’ ಎಂಬುದರ ಎದುರು ‘ಎರಡು ಕಂತಿನಲ್ಲಿ ಕಟ್ಟಬಹುದೇ ಎಂದು ಬುಧವಾರ ಶಾಲೆಯಲ್ಲಿ ಕೇಳುವುದು’. ಹೆಜ್ಜೆಯೇ ಇಲ್ಲದ ಚಿಂತೆಗೆ ಬಲಗಡೆ ಗೆರೆ ಎಳೆದುಬಿಡಿ. ರಾತ್ರಿ ಅದೇ ಯೋಚನೆ ಬಂದಾಗ ‘ನಾಳೆ ಏಳಕ್ಕೆ’ ಎಂದು ಹೇಳಿಕೊಳ್ಳಿ. ಸಂಜೆ ನಿಜವಾಗಿಯೂ ಕೂತಿದ್ದರೆ ಮಾತ್ರ ಮನಸ್ಸು ಈ ಮಾತನ್ನು ನಂಬುತ್ತದೆ. ಎರಡು ಸಂಜೆ ತಪ್ಪಿಸಿದಿರೋ, ಮೂರನೆಯ ರಾತ್ರಿ ನಂಬುವುದಿಲ್ಲ.

ಕಾಫಿಯಲ್ಲಿರುವ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಆರರ ಕಾಫಿಯ ಅರ್ಧ ಹನ್ನೊಂದಕ್ಕೂ ನಿಮ್ಮೊಳಗಿರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಒಂದಕ್ಕೆ ಮುಗಿಯಲಿ. ನಾಲ್ಕರಿಂದ ಒಮ್ಮೆಲೇ ಎರಡಕ್ಕಿಳಿದರೆ ತಲೆನೋವು ಬರುತ್ತದೆ. ಮೂರು ದಿನಕ್ಕೊಂದು ಲೋಟ ಬಿಡಿ, ಅಥವಾ ಅಷ್ಟೇ ಹಾಲಿಗೆ ಡಿಕಾಕ್ಷನ್ ಕಡಿಮೆ ಮಾಡುತ್ತ ಬನ್ನಿ. ನಿದ್ದೆಗೆಂದು ಮದ್ಯ ಕುಡಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಬೇಗ ಮಲಗಿಸುತ್ತದೆ, ರಾತ್ರಿಯ ದ್ವಿತೀಯಾರ್ಧವನ್ನು ಒಡೆಯುತ್ತದೆ.

ಮೊದಲ ವಾರ ಈಗಿನದಕ್ಕಿಂತ ಹೆಚ್ಚು ಸುಸ್ತಾಗುತ್ತದೆ. ಬಹಳ ಜನ ನಾಲ್ಕನೆಯ ದಿನಕ್ಕೆ ‘ಇದು ನನಗಾಗದು’ ಎಂದು ಬಿಡುವುದು ಅದಕ್ಕೇ. ಆ ವಾರ ದೂರದ ಡ್ರೈವಿಂಗ್ ಬೇಡ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ಏರಿಳಿಯುವುದು) ಇರುವವರು ನಿದ್ದೆಯ ಹೊತ್ತು ಕಡಿತಗೊಳಿಸುವ ಈ ಕ್ರಮವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಜೋರು ಗೊರಕೆ, ಉಸಿರು ಕಟ್ಟಿದಂತಾಗಿ ಎಚ್ಚರ, ಹಗಲಲ್ಲಿ ತೂಕಡಿಕೆ ಇದ್ದರೆ ಅದು ಬೇರೆಯೇ ಕಾಯಿಲೆಯಿರಬಹುದು, ಮೊದಲು ತಪಾಸಣೆ ಮಾಡಿಸಿ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, 26 ವರ್ಷ. ಮೀಟಿಂಗಿನಲ್ಲಿ ನನ್ನ ಸರದಿ ಬರುವ ಮುಂಚೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ. ಆಳವಾಗಿ ಉಸಿರಾಡು ಎಂದರು. ಮಾಡಿದರೆ ತಲೆ ತಿರುಗಿ, ಬೆರಳು ಜುಮ್ಮೆನ್ನುತ್ತದೆ. (ಬೆಂಗಳೂರು)

ಉತ್ತರ: ‘ಆಳವಾಗಿ’ ಎಂಬ ಮಾತೇ ತಪ್ಪು ದಾರಿಗೆ ಎಳೆದಿದೆ. ಗಾಬರಿಯಲ್ಲಿ ಈಗಾಗಲೇ ಹೆಚ್ಚು ಉಸಿರಾಡುತ್ತಿರುತ್ತೀರಿ. ಅದರ ಮೇಲೆ ಇನ್ನಷ್ಟು ಗಾಳಿ ಎಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆಸುತ್ತು, ಜುಮ್ಮು ಅದರಿಂದಲೇ. ನಿಮಗೆ ಬೇಕಾದದ್ದು ನಿಧಾನದ ಉಸಿರು, ಅದರಲ್ಲೂ ಉದ್ದನೆಯ ಹೊರ ಉಸಿರು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಕ್ರಮ, ಅದನ್ನೇ ಬಳಸಿಕೊಳ್ಳುತ್ತೇವೆ.

ಬೆನ್ನಿಗೆ ಆಸರೆ ಇಟ್ಟು ಕೂತು, ಒಂದು ಕೈಯನ್ನು ಹೊಕ್ಕುಳಿನ ಮೇಲಿಡಿ. ಬಾಯಿ ಮುಚ್ಚಿ ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಒಂದೊಂದು ಎಣಿಕೆಯೂ ಒಂದು ಸೆಕೆಂಡ್. ನಿಮಿಷಕ್ಕೆ ಆರು ಉಸಿರಾಯಿತು. ಎಂದಿನ ಉಸಿರಿಗಿಂತ ಹೆಚ್ಚು ಗಾಳಿ ತುಂಬಬೇಡಿ, ಪಕ್ಕದಲ್ಲಿ ಕೂತವರಿಗೆ ಉಸಿರಿನ ಸದ್ದು ಕೇಳಿಸಬಾರದು. ಕೈ ಮೇಲೇಳಬೇಕು, ಭುಜ ಏಳಬಾರದು. ಆರು ಕಷ್ಟವಾದರೆ ಮೂರು ಒಳಗೆ, ನಾಲ್ಕು ಹೊರಗೆ ಎಂದು ಶುರು ಮಾಡಿ. ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಎಂದಿನಂತೆ ಉಸಿರಾಡಿ.

ಮುಖ್ಯವಾದ ಮಾತು: ಇದನ್ನು ಮೊದಲ ಸಲ ಮೀಟಿಂಗಿನಲ್ಲಿ ಪ್ರಯೋಗಿಸಬೇಡಿ. ಈಜು ಕಲಿಯುವುದು ನೆರೆ ಬಂದ ದಿನವಲ್ಲ. ಎರಡು ಮೂರು ವಾರ, ದಿನಕ್ಕೆ ಐದು ನಿಮಿಷ, ಮನಸ್ಸು ಶಾಂತವಾಗಿರುವ ಹೊತ್ತಿನಲ್ಲಿ ಮಾಡಿ. ಮೆಟ್ರೋದಲ್ಲಿ ಸೀಟು ಸಿಕ್ಕ ಕೂಡಲೇ ಎಂದಿಟ್ಟುಕೊಳ್ಳಬಹುದು. ಆಮೇಲೆ ಸರದಿಗೆ ಎರಡು ನಿಮಿಷ ಮುಂಚೆ ಬಳಸಿ. ಎದೆ ಹೊಡೆದುಕೊಳ್ಳುವುದು ಪೂರ್ತಿ ತಗ್ಗಲೆಂದು ಕಾಯಬೇಡಿ, ಬಡಿಯುತ್ತಿರುವಾಗಲೇ ಮೊದಲ ವಾಕ್ಯ ಹೇಳಿಬಿಡಿ. ಆ ಮೊದಲ ವಾಕ್ಯವನ್ನು ಬರೆದು ಕೈಯಲ್ಲಿಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಮೀಟಿಂಗ್ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಮುಂದಿನ ಸಲ ಭಯ ಎರಡರಷ್ಟಾಗಿರುತ್ತದೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ಮಾಡುತ್ತಿರುವೆ, 24 ವರ್ಷ. ಬೆಳಗ್ಗೆ ಐದಕ್ಕೆ ಏಳುವುದು, ಸೂರ್ಯ ನಮಸ್ಕಾರ, ಧ್ಯಾನ, ಡೈರಿ, ಸಂಜೆ ವಾಕಿಂಗ್ ಎಂದು ಯುಗಾದಿಗೆ ಶುರು ಮಾಡಿದೆ. ಹತ್ತು ದಿನಕ್ಕೆ ಎಲ್ಲವೂ ನಿಂತವು. ಎರಡು ಸಲ ಫಲಿತಾಂಶ ಕೈಕೊಟ್ಟಿದೆ, ಈಗ ಇದೂ. ನನಗೆ ಛಲವೇ ಇಲ್ಲವೇ? (ಧಾರವಾಡ)

ಉತ್ತರ: ಛಲದ ಕೊರತೆ ಅಲ್ಲ, ಒಂದೇ ಸಲಕ್ಕೆ ಐದು ಹೊರೆ ಹೊತ್ತಿದ್ದೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದರು. ಪ್ರತಿಯೊಬ್ಬರೂ ಒಂದೇ ಒಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು. ಅದು ತಾನಾಗಿ ನಡೆಯುವ ಹಂತ ತಲುಪಲು ಬೇಕಾದ ಅವಧಿ ನಡುಮಟ್ಟದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನದ ಅಂದಾಜು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ ಹತ್ತನೆಯ ದಿನಕ್ಕೆ ಬೇಸರಪಟ್ಟವರು ನೀವೊಬ್ಬರೇ ಅಲ್ಲ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಸಂಜೆಯ ನಡಿಗೆಯೊಂದನ್ನೇ ಇಟ್ಟುಕೊಳ್ಳಿ. ದಿನವಿಡೀ ಕೂತು ಓದುವವರಿಗೆ ಉಳಿದ ನಾಲ್ಕಕ್ಕಿಂತ ಅದರ ಉಪಯೋಗ ಹೆಚ್ಚು. ‘ಸಂಜೆ ವಾಕಿಂಗ್ ಹೋಗ್ತೇನೆ’ ಎಂದಷ್ಟೇ ಅಂದುಕೊಂಡರೆ ಆಗದು. ‘ಲೈಬ್ರರಿಯಿಂದ ಬಂದು ಚಹಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಶೂ ಹಾಕಿಕೊಳ್ತೇನೆ’ ಎಂದು ಬರೆದು ಗೋಡೆಗಂಟಿಸಿ. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕುವುದು ಇದರ ಗುಟ್ಟು. ಚಹಾ ನಿಮಗೆ ಮರೆಯುವುದಿಲ್ಲ, ಅದರ ಬೆನ್ನಿಗೆ ಶೂ ಬರುತ್ತದೆ.

ನಡಿಗೆಯ ಅಳತೆ 25 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎಂಬಷ್ಟು ಬಿರುಸು. ವಾರಕ್ಕೆ ಆರು ದಿನ ನಡೆದರೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣ ಅಷ್ಟೇ. ಜೊತೆಗೆ ಕೆಟ್ಟ ದಿನಕ್ಕೆಂದೇ ಒಂದು ಚಿಕ್ಕ ಅಳತೆ ಇರಲಿ: ಶೂ ಹಾಕಿ ರಸ್ತೆ ತುದಿಯವರೆಗೆ ಹೋಗಿ ಬಂದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ತಪ್ಪಿದ ದಿನ ಖಾಲಿ ಬಿಡದೆ ಕಾರಣ ಬರೆಯಿರಿ. ‘ಮಳೆ’, ‘ಊರಿಗೆ ಹೋಗಿದ್ದೆ’, ‘ಟೆಸ್ಟ್ ಕೆಟ್ಟಿತ್ತು’. ಒಂದು ತಿಂಗಳಲ್ಲಿ ‘ಟೆಸ್ಟ್ ಕೆಟ್ಟಿತ್ತು’ ಎಂದು ನಾಲ್ಕು ಸಲ ಬಂದಿದ್ದರೆ ಯಾವ ದಿನ ಬೀಳುತ್ತೀರಿ ಎಂದು ಗೊತ್ತಾಯಿತು. ಆ ದಿನ ಜೊತೆಗೆ ನಡೆಯಲು ರೂಮ್‌ಮೇಟ್‌ನನ್ನು ಮುಂಚಿತವಾಗಿ ಒಪ್ಪಿಸಿಡಿ.

ಮುಂದಿನ ಫಲಿತಾಂಶದ ದಿನಕ್ಕೂ ಈಗಲೇ ಯೋಜನೆ ಇರಲಿ. ಯಾರ ಜೊತೆ ಕೂತು ನೋಡುವಿರಿ, ಮನೆಗೆ ಯಾವ ಮಾತಿನಲ್ಲಿ ತಿಳಿಸುವಿರಿ, ಆ ರಾತ್ರಿ ಊಟ ಎಲ್ಲಿ ಎಂಬಷ್ಟು ಸಣ್ಣ ವಿವರ ಸಾಕು. ನಂತರದ ಮೂರು ದಿನ ಯಾವ ದೊಡ್ಡ ನಿರ್ಧಾರವೂ ಬೇಡ, ಪುಸ್ತಕ ಮಾರುವುದೂ ಬೇಡ, ಹೊಸ ಕೋಚಿಂಗಿಗೆ ದುಡ್ಡು ಕಟ್ಟುವುದೂ ಬೇಡ.

ಪ್ರಶ್ನೆ: ದಿನದ ನೋವನ್ನು ಡೈರಿಯಲ್ಲಿ ಬರೆದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ರಾತ್ರಿ ಬರೆದಷ್ಟೂ ಅಳು ಹೆಚ್ಚಾಗುತ್ತದೆ. (ಮಂಡ್ಯ)

ಉತ್ತರ: ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಮೊದಲ ಅಧ್ಯಯನದಲ್ಲೂ ಹಾಗೇ ಆಗಿತ್ತು, ಪ್ರಯೋಜನ ಕಂಡದ್ದು ತಿಂಗಳುಗಳ ನಂತರ. ಆದರೆ ಅವರು ಬರೆಸಿದ್ದು ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಅಷ್ಟೇ. ಅದನ್ನು ಮುಗಿಯದ ದಿನಚರಿ ಮಾಡಿಕೊಂಡರೆ ಗಾಯ ಕೆರೆದಂತಾಗುತ್ತದೆ. ಮಧ್ಯಾಹ್ನವೋ ಸಂಜೆಯೋ ಬರೆಯಿರಿ, ಮಲಗುವ ಮುಂಚೆ ಬೇಡ. ಬರೆದ ಮೇಲೆ ಕೈಗೆ ಕೆಲಸ ಕೊಡಿ, ಸೊಪ್ಪು ಬಿಡಿಸುವುದಾದರೂ ಸರಿ. ಮೂರನೆಯ ದಿನವೂ ಅದೇ ವಾಕ್ಯಗಳೇ ಬರುತ್ತಿದ್ದರೆ ಬರೆಯುವುದನ್ನು ನಿಲ್ಲಿಸಿ, ಆ ವಿಷಯವನ್ನು ನಂಬಿಕೆಯ ಒಬ್ಬರ ಜೊತೆ ಮಾತಾಡಿ. ಸಾವು, ಅಪಘಾತದಂಥದ್ದು ನಡೆದ ಮೊದಲ ವಾರಗಳಲ್ಲಿ ಈ ಅಭ್ಯಾಸ ಬೇಡವೇ ಬೇಡ.

ಪ್ರಶ್ನೆ: ಅತ್ತೆಗೆ ಪಾರ್ಶ್ವವಾಯು ಆಗಿ ಹದಿನಾಲ್ಕು ತಿಂಗಳು. ಸ್ನಾನ, ಊಟ, ಮಗ್ಗುಲು ತಿರುಗಿಸುವುದು ಎಲ್ಲ ನನ್ನದೇ. ನಿಮಗೂ ಸ್ವಲ್ಪ ಸಮಯ ಕೊಟ್ಟುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಸಮಯ ಎಲ್ಲಿದೆ? ಮೊನ್ನೆ ಅತ್ತೆಯ ಮೇಲೆ ಕೂಗಾಡಿಬಿಟ್ಟೆ, ಆಮೇಲೆ ನನಗೇ ನಾಚಿಕೆಯಾಯಿತು. (ಶಿರಸಿ)

ಉತ್ತರ: ಹದಿನಾಲ್ಕು ತಿಂಗಳು ರಜೆಯಿಲ್ಲದೆ ಎರಡೆರಡು ಗಂಟೆಗೊಮ್ಮೆ ಒಬ್ಬರನ್ನು ಮಗ್ಗುಲು ತಿರುಗಿಸಿದವರು ಒಂದು ದಿನ ಕೂಗಿದರೆ ಅದು ಗುಣದ ದೋಷವಲ್ಲ, ದೇಹ ಕೊಟ್ಟ ಸೂಚನೆ. ನಿಮಗೆ ಅಭ್ಯಾಸಗಳಿಗಿಂತ ಮೊದಲು ಬೇಕಾದದ್ದು ಆಳು, ಅಂದರೆ ಇನ್ನೊಂದು ಜೊತೆ ಕೈ. ಒಬ್ಬರ ಹೊರೆಯನ್ನು ಧ್ಯಾನದಿಂದ ಹಗುರ ಮಾಡಿಕೊಳ್ಳಿ ಎಂದು ಸಲಹೆ ಕೊಡುವುದು ನಮಗೆ ಸರಿಕಾಣುವುದಿಲ್ಲ.

ಬೆಳಗಿನಿಂದ ರಾತ್ರಿಯವರೆಗಿನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಗಂಟೆಯ ಸಮೇತ ಬರೆಯಿರಿ. ನೀವೇ ಮಾಡಬೇಕಾದವಕ್ಕೆ ಒಂದು ಗುರುತು, ಬೇರೆಯವರೂ ಮಾಡಬಹುದಾದವಕ್ಕೆ ಇನ್ನೊಂದು. ಔಷಧಿ ತರುವುದು, ಮಧ್ಯಾಹ್ನ ಗಂಜಿ ಕುಡಿಸುವುದು, ರಾತ್ರಿ ಹನ್ನೊಂದರ ಮಗ್ಗುಲು ಎರಡನೆಯ ಗುಂಪಿನವು. ಆ ಹಾಳೆಯನ್ನು ಯಜಮಾನರ ಮುಂದೆ, ಮೈದುನ-ನಾದಿನಿಯರ ಮುಂದೆ ಇಡಿ. ‘ಯಾರೂ ಸಹಾಯ ಮಾಡುವುದಿಲ್ಲ’ ಎಂದರೆ ಜಗಳವಾಗುತ್ತದೆ. ‘ಪ್ರತಿ ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ನೀವು ಅಮ್ಮನ ಹತ್ತಿರ ಇರಿ, ಗಂಜಿ, ಮಾತ್ರೆ ತೆಗೆದಿಟ್ಟು ಹೋಗುತ್ತೇನೆ’ ಎಂದರೆ ಹೂಂ ಅಥವಾ ಉಹೂಂ ಎನ್ನಲೇಬೇಕಾಗುತ್ತದೆ. ಅವರು ಮಾಡಿದ್ದು ನಿಮ್ಮಷ್ಟು ಚೊಕ್ಕವಾಗಿರುವುದಿಲ್ಲ. ದಿಂಬು ಓರೆಯಾಗಿದ್ದರೆ ಇರಲಿ, ಅದನ್ನು ತಿದ್ದಲು ಹೋದರೆ ಮುಂದಿನ ಭಾನುವಾರ ಅವರು ಬರುವುದಿಲ್ಲ.

ಇರುವ ಸಮಯದಲ್ಲೇ ಮಾಡಬಹುದಾದದ್ದೂ ಒಂದಿದೆ. ಅತ್ತೆ ಮಧ್ಯಾಹ್ನ ಊಟವಾಗಿ ಮಲಗಿದಾಗ ಎಂಟು ನಿಮಿಷ ಸಾಕು. ಕುರ್ಚಿಯಲ್ಲಿ ಕೂತು ಎರಡೂ ಮುಷ್ಟಿಗಳನ್ನು ಐದು ಸೆಕೆಂಡ್ ಬಿಗಿ ಹಿಡಿದು ಒಮ್ಮೆಲೇ ಬಿಡಿ, ಹದಿನೈದು ಸೆಕೆಂಡ್ ಆ ಸಡಿಲವನ್ನು ಗಮನಿಸಿ. ಆಮೇಲೆ ಭುಜಗಳನ್ನು ಕಿವಿಯತ್ತ ಎತ್ತಿ ಬಿಡುವುದು, ಹಣೆ ಮತ್ತು ದವಡೆ, ಹೊಟ್ಟೆ, ತೊಡೆ, ಪಾದ. ಒಂದೊಂದನ್ನೂ ಎರಡು ಸಲ. ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ಸಂಕ್ಷಿಪ್ತ ರೂಪ ಇದು. ಮುಕ್ಕಾಲು ಬಲದಲ್ಲಿ ಬಿಗಿದರೆ ಸಾಕು, ಪೂರ್ತಿ ಬಲ ಹಾಕಿದರೆ ಸ್ನಾಯು ಹಿಡಿದುಕೊಳ್ಳುತ್ತದೆ. ಎತ್ತಿ ಎತ್ತಿ ಸೊಂಟ ನೋಯುತ್ತಿದ್ದರೆ ಹೊಟ್ಟೆ, ಬೆನ್ನು ಬಿಟ್ಟುಬಿಡಿ.

ಸಿಟ್ಟು ನೆತ್ತಿಗೇರಿದಾಗ ಅತ್ತೆ ಸುರಕ್ಷಿತವಾಗಿ ಮಲಗಿದ್ದಾರೆಯೇ ನೋಡಿ, ಎರಡು ನಿಮಿಷ ಹಿತ್ತಲಿಗೆ ಹೋಗಿ ಬನ್ನಿ. ಮುಖಕ್ಕೆ ನೀರು ಹಾಕಿಕೊಳ್ಳಿ. ಒಂದು ಕೋರಿಕೆ: ನಿಂತುಕೊಂಡೇ ಉಳಿದದ್ದನ್ನು ತಿನ್ನುವುದನ್ನು ಬಿಟ್ಟು ದಿನದ ಒಂದು ಊಟವನ್ನಾದರೂ ತಟ್ಟೆ ಹಾಕಿಕೊಂಡು ಕೂತು ಮಾಡಿ. ಮುಂದಿನ ಸಲ ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ನಿಮ್ಮ ರಕ್ತವನ್ನೂ ಪರೀಕ್ಷೆಗೆ ಕೊಡಿ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ. ಇವುಗಳಲ್ಲಿ ಏರುಪೇರಿದ್ದರೂ ದಣಿವು, ಸಿಡುಕು ಬರುತ್ತವೆ. ಮಾತ್ರೆಯಿಂದ ಸರಿಹೋಗುವುದನ್ನು ಮನೋಬಲದಿಂದ ಎಳೆಯಬೇಕಾಗಿಲ್ಲ.

ಪ್ರಶ್ನೆ: ಅಪ್ಪನಿಗೆ 58. ಮೂರನೆಯ ಬೋರ್‌ವೆಲ್ಲೂ ಒಣಗಿತು. ಸೊಸೈಟಿ ಸಾಲ, ಕೈಸಾಲ ಎರಡೂ ಇವೆ. ಎರಡು ತಿಂಗಳಿನಿಂದ ಕಟ್ಟೆಗೆ ಹೋಗುತ್ತಿಲ್ಲ, ಊಟ ಅರ್ಧ, ನಸುಕಿನಲ್ಲೇ ಎದ್ದು ಕೂರುತ್ತಾರೆ. ಕೇಳಿದರೆ ‘ಏನಿಲ್ಲ ಬಿಡಪಾ’ ಎನ್ನುತ್ತಾರೆ. ಅವ್ವನ ಹತ್ತಿರ ‘ಇನ್ನ ನನ್ನಿಂದ ಏನೈತಿ’ ಎಂದರಂತೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅವರಿಗೆ ವಾಕಿಂಗ್ ಹೇಳಲೇ, ಧ್ಯಾನ ಕಲಿಸಲೇ? (ಕೊಪ್ಪಳ ಜಿಲ್ಲೆ)

ಉತ್ತರ: ಎರಡೂ ಬೇಡ, ಈಗಲ್ಲ. ಈ ವಾರವೇ ಊರಿಗೆ ಹೋಗಿ.

ಆಸಕ್ತಿ ಹೋಗಿರುವುದು, ಊಟ-ನಿದ್ದೆ ಕೆಟ್ಟಿರುವುದು, ‘ನನ್ನಿಂದ ಏನೈತಿ’ ಎಂಬ ಮಾತು ಎರಡು ವಾರ ದಾಟಿದರೆ ಅದನ್ನು ಖಿನ್ನತೆ ಎಂದೇ ಅನುಮಾನಿಸಬೇಕು. ನಿಮ್ಮ ಅಪ್ಪನಿಗೆ ಎರಡು ತಿಂಗಳಾಗಿದೆ. ಅಭ್ಯಾಸಗಳು ಆರೋಗ್ಯದ ಮನಸ್ಸನ್ನು ಕಾಯುತ್ತವೆ, ಕಾಯಿಲೆಗೆ ಚಿಕಿತ್ಸೆಯೇ ಬೇಕು.

ಜನರಿಲ್ಲದ ಕಡೆ, ಹೊಲದ ಬದುವಿನ ಮೇಲೆ ಅವರ ಪಕ್ಕ ಕೂತು ಮಾತಾಡಿ. ಎದುರಾಬದುರು ಕೂತರೆ ವಿಚಾರಣೆಯಂತಾಗುತ್ತದೆ. ಕಂಡದ್ದನ್ನು ಹೇಳಿ: ‘ಕಟ್ಟೀಗೆ ಹೋಗೂದು ಬಿಟ್ಟೀರಿ, ರೊಟ್ಟಿ ಅರ್ಧ ಬಿಡಾಕತ್ತೀರಿ, ನನಗ ಅಂಜಿಕಿ ಆಗೇತಿ.’ ಆಮೇಲೆ ನೇರವಾಗಿ ಕೇಳಿ: ‘ಅಪ್ಪಾ, ಸಾಯಬೇಕು ಅಂತ ಅನಸ್ತೈತೇನು?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಳಗೆ ಒಬ್ಬರೇ ಹೊತ್ತಿದ್ದನ್ನು ಇಳಿಸಲು ಆ ಪ್ರಶ್ನೆ ದಾರಿ ಮಾಡಿಕೊಡುತ್ತದೆ. ಉತ್ತರ ಬರುವವರೆಗೆ ಸುಮ್ಮನಿರಿ. ‘ಹಂಗ್ಯಾಕ ಅಂತೀರಿ, ಧೈರ್ಯ ತಗೋರಿ’ ಎಂದು ನಡುವೆ ಬಾಯಿ ಹಾಕಬೇಡಿ, ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಹೌದೆಂದರೆ, ಅಥವಾ ಉತ್ತರವೇ ಬರದಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಅವರ ಉತ್ತರ ಏನೇ ಇರಲಿ, ಮನೆಯಲ್ಲಿ ಮತ್ತು ಹೊಲದ ಶೆಡ್ಡಿನಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನೆಲ್ಲ ಅಂದೇ ಬೇರೆಯವರ ಮನೆಗೆ ಸಾಗಿಸಿ, ಬೀಗ ಹಾಕಿಸಿ, ಕೀಲಿ ಅಪ್ಪನ ಕೈಗೆ ಸಿಗದಿರಲಿ. ಆ ಯೋಚನೆಯ ತೀವ್ರತೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದ ಗಳಿಗೆಯಲ್ಲಿ ಕೈಗೆಟುಕುವಂತೆ ಏನೂ ಇಲ್ಲದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಮಾತಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ ಏನು ಮಾಡಬೇಕೆಂದು ಕೇಳಿ. ಅಪಾಯ ಕಣ್ಣೆದುರಿಗಿದ್ದರೆ 112, ಅಥವಾ ಹತ್ತಿರದ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.

‘ಮನಸ್ಸಿನ ಡಾಕ್ಟರು’ ಎಂದರೆ ಬರುವುದಿಲ್ಲ ಎಂದಾದರೆ ‘ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ತೋರಿಸೋಣ’ ಎನ್ನಿ, ಅದು ಸುಳ್ಳೂ ಅಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಮಾತ್ರೆ ಕೊಟ್ಟರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ‘ಹತ್ತು ದಿನವಾಯಿತು, ಏನೂ ಆಗಲಿಲ್ಲ’ ಎಂದು ಬಿಡುವುದು, ಎರಡು ತಿಂಗಳಿಗೆ ‘ಈಗ ಆರಾಮಾಗೀನಿ’ ಎಂದು ನಿಲ್ಲಿಸುವುದು, ಎರಡೂ ಸಾಮಾನ್ಯವಾಗಿ ಆಗುವ ತಪ್ಪು. ವೈದ್ಯರು ಹೇಳುವವರೆಗೆ ನಿಲ್ಲಿಸುವಂತಿಲ್ಲ.

ಸಾಲದ ವಿಷಯವನ್ನು ಪಕ್ಕಕ್ಕಿಡಬೇಡಿ, ಅವರ ತಲೆಯಲ್ಲಿರುವುದು ಅದೇ. ಕಾಗದಪತ್ರಗಳನ್ನೆಲ್ಲ ತೆಗೆಸಿ ಅಸಲು ಎಷ್ಟು, ಬಡ್ಡಿ ಎಷ್ಟು, ಯಾರಿಗೆ, ಯಾವ ತಾರೀಖಿಗೆ ಎಂದು ಒಂದೇ ಹಾಳೆಗೆ ಇಳಿಸಿ. ಸೊಸೈಟಿಗೆ ಅಪ್ಪನ ಜೊತೆ ನೀವೂ ಹೋಗಿ ಗಡುವು ಮುಂದೂಡಲು, ಕಂತು ಮಾಡಿಕೊಳ್ಳಲು ಅವಕಾಶವಿದೆಯೇ ಕೇಳಿ. ಮೊತ್ತ ಕಡಿಮೆಯಾಗದಿದ್ದರೂ ಇಬ್ಬರ ಕಣ್ಣಿಗೆ ಬಿದ್ದ ಲೆಕ್ಕ ಒಬ್ಬರೇ ಇರುಳೆಲ್ಲ ಕೂಡಿಸುವ ಲೆಕ್ಕದಷ್ಟು ಭಾರವಿರುವುದಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಅಭ್ಯಾಸದ ಸರದಿ, ಅದೂ ಅವರದೇ ಹಳೆಯ ಕೆಲಸಗಳಿಂದ. ಮನಸ್ಸಾದ ಮೇಲೆ ಮಾಡುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸಾಗುವುದೇ ಇಲ್ಲ. ಮೊದಲು ಮೈ ಏಳಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮೊದಲ ವಾರ ಬೆಳಗ್ಗೆ ಎಮ್ಮೆಗೆ ಮೇವು ಹಾಕುವುದೊಂದೇ, ಅದನ್ನು ಅವ್ವ ಮಾಡಿಬಿಡಬಾರದು. ಎರಡನೆಯ ವಾರ ಅದರ ಜೊತೆ ಸಂಜೆ ನಾಲ್ಕಕ್ಕೆ ಕಟ್ಟೆಯ ಮೇಲೆ ಒಂದು ಚಹಾ. ಹಳೆಯ ಗೆಳೆಯರೊಬ್ಬರಿಗೆ ಹೇಳಿಟ್ಟರೆ ಅವರೇ ಮನೆಗೆ ಬಂದು ಕರೆದೊಯ್ಯುತ್ತಾರೆ.

ನೀವು ಬೆಂಗಳೂರಿಗೆ ಮರಳಿದ ಮೇಲೆ ದಿನವೂ ಒಂದೇ ಹೊತ್ತಿಗೆ, ರಾತ್ರಿ ಎಂಟಕ್ಕೆ ಎಂದಿಟ್ಟುಕೊಳ್ಳಿ, ಫೋನ್ ಮಾಡಿ. ‘ಹೆಂಗದೀರಿ’ ಎಂದು ಕೇಳಿದರೆ ‘ಆರಾಮ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಇವತ್ತ ಕಟ್ಟಿ ಮ್ಯಾಲೆ ಯಾರ್‍ಯಾರು ಇದ್ರು? ಎಮ್ಮಿ ಎಷ್ಟು ಹಾಲು ಕೊಡ್ತು?’ ಎಂದು ಕೇಳಿ. ಮಾತ್ರೆ ತಗೊಂಡರೇ ಎಂಬುದನ್ನು ಅವ್ವನ ಹತ್ತಿರ ಕೇಳಿಕೊಳ್ಳಿ.